ಹಿತ್ತಿಲಿಗೆ ಜಿಂಕೆ, ಕಾಡುಕುರಿ ನುಗ್ಗುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಮೂಡಿಗೆರೆ, ಆಲ್ದೂರು, ಕೊಪ್ಪ, ಸಕಲೇಶಪುರದ ಕಡೆ ಕಾಫಿ ತೋಟದ ನಡುವೆಯೋ ಕಾಡಂಚಿನಲ್ಲೋ ಮನೆ ಇರುವವರಿಗೆ ಇದು ಗೊತ್ತಿರುವ ಕಷ್ಟ. ಸಂಜೆ ನೋಡಿದಾಗ ಚೆನ್ನಾಗಿದ್ದ ಬೀನ್ಸ್ ಬಳ್ಳಿಗೆ ಬೆಳಿಗ್ಗೆ ತುದಿಯೇ ಇರುವುದಿಲ್ಲ. ದಾಸವಾಳ ಬೋಳಾಗಿರುತ್ತದೆ, ಗುಲಾಬಿಯ ಮೊಗ್ಗು ಒಂದೂ ಉಳಿದಿರುವುದಿಲ್ಲ. ಆಗ ಮನೆಯಲ್ಲಿ ಮೊದಲು ಬರುವ ಮಾತು, "ಬೇಲಿ ಇನ್ನೆರಡಡಿ ಎತ್ತರ ಮಾಡಿಸಬೇಕು."

ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಾಳಿ. ನಾನು ಹೋಗಿ ನೋಡಿದ ಹಿತ್ತಿಲುಗಳಲ್ಲಿ ಬಹುಪಾಲು ಕಡೆ ದೋಷ ಬೇಲಿಯ ತಲೆಯಲ್ಲಿ ಇರಲಿಲ್ಲ, ಬುಡದಲ್ಲಿತ್ತು. ಕೆಲವು ಕಡೆ ತಿಂದದ್ದು ಜಿಂಕೆಯೇ ಆಗಿರಲಿಲ್ಲ. ಯಾವ ಪ್ರಾಣಿ, ಯಾವ ದಾರಿಯಲ್ಲಿ, ಯಾವುದರ ಆಸೆಗೆ ಬರುತ್ತಿದೆ ಎಂಬ ಮೂರು ವಿಷಯ ಗೊತ್ತಾದರೆ ರಿಪೇರಿ ಚಿಕ್ಕದಾಗಿಯೇ ಮುಗಿಯುತ್ತದೆ. ಅದನ್ನು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ತಿಂದದ್ದು ಯಾರು?

ಕಡಿದ ತುದಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಜಿಂಕೆ ಜಾತಿಯ ಪ್ರಾಣಿಗಳಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ. ಅಲ್ಲಿರುವುದು ಗಟ್ಟಿ ವಸಡು ಮಾತ್ರ. ಕೆಳಗಿನ ಹಲ್ಲಿಗೂ ಆ ವಸಡಿಗೂ ನಡುವೆ ಚಿಗುರನ್ನು ಒತ್ತಿ ಹಿಡಿದು, ತಲೆ ಎಳೆದು ಹರಿಯುತ್ತವೆ. ಹಾಗಾಗಿ ಕಡಿದ ಜಾಗ ಸಪಾಟಾಗಿರುವುದಿಲ್ಲ. ನಾರು ಎದ್ದಿರುತ್ತದೆ, ಒಂದು ಬದಿಯಲ್ಲಿ ಸಿಪ್ಪೆ ಉದ್ದಕ್ಕೆ ಸುಲಿದಿರುತ್ತದೆ. ಮೊಲ ತಿಂದಿದ್ದರೆ ಹಾಗಲ್ಲ. ಅದಕ್ಕೆ ಮೇಲೆ ಕೆಳಗೆ ಎರಡೂ ಕಡೆ ಹರಿತವಾದ ಹಲ್ಲುಗಳಿರುವುದರಿಂದ ದಂಟು ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ಇರುತ್ತದೆ, ಅದೂ ನೆಲದಿಂದ ಒಂದೂವರೆ ಅಡಿಯ ಒಳಗೆ.

ಇಲ್ಲೊಂದು ತೊಡಕಿದೆ. ದನಕ್ಕೂ ಮೇಕೆಗೂ ಇದೇ ಬಾಯಿ, ಅವುಗಳಿಗೂ ಮೇಲಿನ ಬಾಚಿಹಲ್ಲು ಇಲ್ಲ. ಪಕ್ಕದ ಮನೆಯ ದನ ಹಗಲಲ್ಲಿ ನುಗ್ಗಿ ಹೋಗಿದ್ದನ್ನು ಜಿಂಕೆಯ ತಲೆಗೆ ಕಟ್ಟುವುದು ಹೊಸದಲ್ಲ. ಆದ್ದರಿಂದ ಹರಿದ ತುದಿಯೊಂದನ್ನೇ ನಂಬಬೇಡಿ, ನೆಲವನ್ನೂ ನೋಡಿ. ಸಗಣಿ ಬಿದ್ದಿದ್ದರೆ ದನ ಅಥವಾ ಕಾಟಿ (ಕಾಡುಕೋಣ). ಹಿಕ್ಕೆ ಕಾಳುಕಾಳಾಗಿ, ಕಪ್ಪಗೆ, ಒಂದು ತುದಿ ಚೂಪಾಗಿದ್ದರೆ ಜಿಂಕೆ ಜಾತಿ, ಇಲ್ಲವೇ ಮೇಕೆ. ಮೊಲದ ಹಿಕ್ಕೆ ಗುಂಡಗೆ, ಒಣಕಲಾಗಿ, ಒಡೆದರೆ ಬರೀ ಹುಲ್ಲಿನ ಪುಡಿ.

ಉಳಿದವನ್ನು ಬೇಗ ಪಕ್ಕಕ್ಕಿಡಬಹುದು. ಮಣ್ಣು ಉತ್ತ ಹಾಗೆ ಮಗುಚಿದ್ದರೆ ಕಾಡುಹಂದಿ. ಗೆಣಸು ತೋಡಿ ತಿಂದು, ಮರದ ಬುಡದಲ್ಲಿ ಸಾಲುಸಾಲು ಹಲ್ಲಿನ ಗುರುತು ಬಿಟ್ಟಿದ್ದರೆ ಮುಳ್ಳುಹಂದಿ. ಕೊಂಬೆ ಮುರಿದು, ಅರ್ಧ ಕಚ್ಚಿದ ಕಾಯಿ ಕೆಳಗೆ ಚೆಲ್ಲಾಡಿದ್ದರೆ ಮಂಗ. ಎಲೆಯ ನಡುವೆ ತೂತು ಬಿದ್ದು, ಮೇಲೆ ಒಣಗಿದ ಲೋಳೆಯ ಗೆರೆ ಹೊಳೆಯುತ್ತಿದ್ದರೆ ಬಸವನಹುಳು. ಇವುಗಳಲ್ಲಿ ಯಾವುದಕ್ಕೂ ಜಿಂಕೆಯ ಬೇಲಿ ಪೂರ್ತಿ ಪರಿಹಾರವಲ್ಲ.

ಎಳೆಯ ಸಿಲ್ವರ್ ಓಕ್ ಅಥವಾ ಬೆಣ್ಣೆಹಣ್ಣಿನ ಸಸಿಯಲ್ಲಿ ಮಂಡಿಯಿಂದ ಎದೆಯ ಎತ್ತರದವರೆಗೆ ತೊಗಟೆ ಉದ್ದುದ್ದಕ್ಕೆ ಕಿತ್ತು ನೇತಾಡುತ್ತಿದ್ದರೆ, ಅದು ತಿಂದ ಗುರುತಲ್ಲ. ಗಂಡು ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಹೊಸ ಕೊಂಬಿನ ಮೇಲಿನ ಮಖಮಲ್ಲಿನಂಥ ಚರ್ಮವನ್ನು ಉಜ್ಜಿ ತೆಗೆಯಲು ಅದು ಇಂಥ ಎಳೆಯ ಮರವನ್ನು ಹುಡುಕುತ್ತದೆ. ಇದಕ್ಕೆ ಹಿತ್ತಿಲಿಗೆಲ್ಲ ಬೇಲಿ ಬೇಡ. ಆ ಸಸಿಗಳಿಗೆ ಮಾತ್ರ ಮೆಶ್ ಸುತ್ತಿ ಮೂರು ಗೂಟ ಹೊಡೆದರೆ ಸಾಕು.

ಯಾವ ಜಾತಿ?

ಇದನ್ನು ತಿಳಿಯದೆ ಬೇಲಿಯ ಲೆಕ್ಕ ಹಾಕಲಾಗುವುದಿಲ್ಲ, ಏಕೆಂದರೆ ಒಂದೊಂದೂ ಒಂದೊಂದು ರೀತಿಯಲ್ಲಿ ಒಳಗೆ ಬರುತ್ತದೆ.

ಕಾಫಿ ತೋಟದ ನಡುವಿನ ಮನೆಗಳಿಗೆ ಹೆಚ್ಚಾಗಿ ಬರುವುದು ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಇದು ಜಿಂಕೆ ಜಾತಿಯದೇ. ಭುಜದ ಎತ್ತರ ಎರಡಡಿ ಆಚೀಚೆ, ತೂಕ ಇಪ್ಪತ್ತರಿಂದ ಮೂವತ್ತು ಕಿಲೋ. ಸಾಮಾನ್ಯವಾಗಿ ಒಂಟಿ. ಹೆದರಿದಾಗ ನಾಯಿಯ ಹಾಗೆ ಬೊಗಳುತ್ತದೆ. ರಾತ್ರಿ ತೋಟದ ಕಡೆಯಿಂದ ಒಂದೇ ಸಮನೆ, ಅಂತರ ಬಿಟ್ಟು ಬಿಟ್ಟು ಬೊಗಳುವ ಸದ್ದು ಬಂದು, ಊರ ನಾಯಿಗಳು ಅದಕ್ಕೆ ಉತ್ತರ ಕೊಡದೆ ಇದ್ದರೆ ಅದು ಕಾಡುಕುರಿಯೇ ಇರಬೇಕು. ಗೊರಸಿನ ಗುರುತು ಮೂರು ನಾಲ್ಕು ಸೆಂಟಿಮೀಟರ್ ಉದ್ದ, ಮುಂದೆ ಚೂಪು. ತಿಂದ ಎತ್ತರ ನಮ್ಮ ಸೊಂಟದ ಕೆಳಗೇ ಇರುತ್ತದೆ. ಚಿಗುರು, ಹೂ, ಉದುರಿದ ಹಣ್ಣು ಅದಕ್ಕೆ ಇಷ್ಟ. ಇದು ಹಾರುವುದಕ್ಕಿಂತ ನುಸುಳುವುದನ್ನೇ ನೆಚ್ಚಿಕೊಂಡ ಪ್ರಾಣಿ.

ಚುಕ್ಕಿ ಜಿಂಕೆ ಗುಂಪಾಗಿ ಬರುತ್ತದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ, ಮುತ್ತೋಡಿ, ಲಕ್ಕವಳ್ಳಿಯ ಸುತ್ತಮುತ್ತ ಇರುವವರಿಗೆ ಇದರ ಕಾಟ ಹೆಚ್ಚು. ಎಲೆ ಉದುರುವ ಕಾಡು, ಹುಲ್ಲು ಇರುವ ಬಯಲು ಅದರ ಜಾಗ. ಕುದುರೆಮುಖದ ಕಡೆಯ ದಟ್ಟ ಮಳೆಕಾಡಿನಲ್ಲಿ ಅಪರೂಪ. ಒಂದು ರಾತ್ರಿಯಲ್ಲಿ ಇಡೀ ಮಡಿ ಸವರಿ ಹೋಗಿದ್ದರೆ, ಹೆಜ್ಜೆ ಒಂದರ ಮೇಲೊಂದು ಬಿದ್ದು ಮಣ್ಣು ತುಳಿದಂತಿದ್ದರೆ ಇದೇ. ಗುರುತು ಐದಾರು ಸೆಂಟಿಮೀಟರ್, ತಿಂದ ಎತ್ತರ ಎದೆಯ ಮಟ್ಟದವರೆಗೆ.

ಕಡವೆ ಇವೆಲ್ಲಕ್ಕಿಂತ ದೊಡ್ಡದು. ಗಂಡು ಇನ್ನೂರು ಕಿಲೋ ದಾಟುತ್ತದೆ. ರಾತ್ರಿಯೇ ಬರುತ್ತದೆ, ಒಂಟಿಯಾಗಿ ಅಥವಾ ಎರಡು ಮೂರು ಸೇರಿ. ನಮ್ಮ ತಲೆಯ ಮಟ್ಟದ ಕೊಂಬೆಯ ಚಿಗುರೂ ಹೋಗಿದ್ದು, ಗೊರಸಿನ ಗುರುತು ಏಳೆಂಟು ಸೆಂಟಿಮೀಟರ್ ಇದ್ದರೆ ಕಡವೆ ಎಂದು ತಿಳಿಯಬಹುದು. ದನದ ಕರುವಿನ ಗೊರಸೂ ಇಷ್ಟೇ ಇರುತ್ತದೆ, ಆದರೆ ಅದು ಮುಂದೆ ದುಂಡಗಿರುತ್ತದೆ. ಹಂದಿಯ ಗುರುತಿನಲ್ಲಿ ಹಿಂದಿನ ಎರಡು ಪುಟ್ಟ ಗೊರಸು ಅಕ್ಕಪಕ್ಕಕ್ಕೆ ಅಗಲವಾಗಿ ಬೀಳುತ್ತವೆ, ಅದನ್ನೂ ನೋಡಿಕೊಳ್ಳಿ.

ಬರ್ಕ ಕೂಡ ತೋಟಗಳಲ್ಲಿದೆ. ಒಂದಡಿ ಎತ್ತರದ ಆ ಪುಟ್ಟ ಜೀವ ಮಾಡುವ ನಷ್ಟ ತೀರಾ ಕಡಿಮೆ, ಅದರ ಮಟ್ಟಿಗೆ ಏನೂ ಮಾಡಬೇಕಿಲ್ಲ.

ಬೂದಿ ಮತ್ತು ನೂಲು

ಜಾತಿ ಗೊತ್ತಾಗದಿದ್ದರೆ, ಅಥವಾ ಬರುವ ದಾರಿ ತಿಳಿಯದಿದ್ದರೆ, ದುಡ್ಡಿಲ್ಲದ ಎರಡು ಪರೀಕ್ಷೆಗಳಿವೆ.

ಬೇಲಿಯ ಒಳಬದಿಯಲ್ಲಿ ಎರಡಡಿ ಅಗಲಕ್ಕೆ ಮಣ್ಣು ಕೆರೆದು ಸಮ ಮಾಡಿ. ಅನುಮಾನ ಇರುವ ಕಡೆ ಒಲೆಯ ಬೂದಿಯನ್ನೋ ಜರಡಿ ಹಿಡಿದ ಮರಳನ್ನೋ ತೆಳ್ಳಗೆ ಹರಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ನೋಡಿ, ಬಿಸಿಲು ಓರೆಯಾಗಿದ್ದಾಗ ಹೆಜ್ಜೆ ಎದ್ದು ಕಾಣುತ್ತದೆ. ಹೆಜ್ಜೆಯ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ.

ಎರಡನೆಯದು ಹೊಲಿಗೆಯ ಹತ್ತಿ ನೂಲು. ಬೇಲಿಯಲ್ಲಿ ಸಂದು ಇರುವ ಕಡೆ, ಗೇಟಿನ ಪಕ್ಕ, ಮೋರಿಯ ಬಾಯಿಗೆ ಮೊಣಕಾಲಿನ ಮಟ್ಟದಲ್ಲಿ ಒಂದು, ಸೊಂಟದ ಮಟ್ಟದಲ್ಲಿ ಒಂದು ನೂಲು ಅಡ್ಡ ಕಟ್ಟಿ. ಬೆಳಿಗ್ಗೆ ಕೆಳಗಿನದು ಮಾತ್ರ ಕಡಿದಿದ್ದರೆ ಕಾಡುಕುರಿ, ಹಂದಿ, ಇಲ್ಲವೇ ನಾಯಿ. ಎರಡೂ ಕಡಿದಿದ್ದರೆ ದೊಡ್ಡದು. ಒಂದೂ ಕಡಿಯದೆ ಗಿಡ ಮಾತ್ರ ಹೋಗಿದ್ದರೆ, ನೀವು ನೂಲು ಕಟ್ಟದ ಇನ್ನೊಂದು ದಾರಿ ಇದೆ ಎಂದರ್ಥ. ಪ್ಲಾಸ್ಟಿಕ್ ದಾರ, ನೈಲಾನ್ ಬೇಡ. ಅದು ಕಡಿಯುವುದಿಲ್ಲ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಈ ಹುಡುಕಾಟಕ್ಕೆ ಹಳುವಿನೊಳಗೆ ಇಳಿಯುವವರಿಗೆ ಒಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವುದು ರಕ್ತ ಹೀರುವ ಉಣ್ಣೆ ಹುಳು. ಕೊಪ್ಪ, ಎನ್.ಆರ್. ಪುರ, ಶೃಂಗೇರಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದ ಪ್ಯಾಂಟ್, ಬೂಟು ಹಾಕಿ, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಿ. ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲೇ ಒಗೆಯಿರಿ.

ದೋಷ ಹೆಚ್ಚಾಗಿ ಇರುವ ಜಾಗ: ಬೇಲಿಯ ಬುಡ

ಆಲ್ದೂರು ಕಡೆಯ ಒಬ್ಬ ಅಕ್ಕ ಕರೆದು, "ಐದಡಿ ಬೇಲಿ ಕಣೋ ತಮ್ಮ, ಕಲ್ಲುಕಂಬ ಹಾಕಿಸಿದೀವಿ, ಆದ್ರೂ ಹಾರ್ಕೊಂಡು ಬರ್ತಾವೆ" ಎಂದರು. ಬೇಲಿ ನಿಜಕ್ಕೂ ಗಟ್ಟಿಯಾಗಿತ್ತು, ಆರು ಎಳೆ ಮುಳ್ಳುತಂತಿ. ಸುತ್ತು ಹಾಕುತ್ತಾ ಹೋದಾಗ ಹಿಂಬದಿಯಲ್ಲಿ, ಬಚ್ಚಲ ನೀರು ಹೊರಗೆ ಹೋಗುವ ಕಡೆ, ಕೆಳಗಿನ ತಂತಿಯ ಒಂದು ಮುಳ್ಳಿಗೆ ಕೂದಲಿನ ಒಂದು ಸಣ್ಣ ಎಸಳು ಸಿಕ್ಕಿಕೊಂಡಿತ್ತು. ಕೆಂಗಂದು ಬಣ್ಣ, ಒರಟು, ಬೆರಳಲ್ಲಿ ಮಡಿಸಿದರೆ ಪಟ್ಟನೆ ಮುರಿಯುವಂಥದ್ದು. ಅದರ ಕೆಳಗೆ ಕೆಸರು ನುಣ್ಣಗೆ ಸವೆದಿತ್ತು, ಗೊರಸಿನ ಗುರುತು ಒಳಮುಖ ಹೊರಮುಖ ಎರಡೂ ಇತ್ತು. ತಂತಿಗೂ ನೆಲಕ್ಕೂ ನಡುವೆ ಇದ್ದದ್ದು ಒಂದಡಿ ಸಂದು. ಹಾರುವ ಮಾತೇ ಇಲ್ಲ, ಕಾಡುಕುರಿ ತಲೆ ತಗ್ಗಿಸಿ ನಡೆದು ಬರುತ್ತಿತ್ತು.

ಮುಳ್ಳುತಂತಿಯ ಬೇಲಿ ದನಕ್ಕೆ ಮಾಡಿದ್ದು. ಎಳೆಗಳ ನಡುವೆ ಒಂಬತ್ತು ಹತ್ತು ಇಂಚು ಬಿಟ್ಟರೆ ಕಾಡುಕುರಿಗೆ ಅದು ಬೇಲಿಯೇ ಅಲ್ಲ. ಕೆಳಗಿನ ನಾಲ್ಕಡಿಗೆ ಮೆಶ್ ಬೇಕು, ಕಣ್ಣು ಮೂರು ನಾಲ್ಕು ಇಂಚಿಗಿಂತ ದೊಡ್ಡದಿರಬಾರದು. ಇರುವ ಮುಳ್ಳುತಂತಿಯನ್ನು ಕಿತ್ತು ಬಿಸಾಡಬೇಕಿಲ್ಲ, ಅದರ ಒಳಬದಿಗೆ ಮೆಶ್ ಕಟ್ಟಿದರೆ ಆಯಿತು.

ಮೆಶ್ ಕಟ್ಟಿದವರೂ ಬುಡವನ್ನು ಸಡಿಲ ಬಿಟ್ಟಿರುತ್ತಾರೆ. ನಮ್ಮ ಇಳಿಜಾರು ನೆಲದಲ್ಲಿ ಬೇಲಿ ನೇರವಾಗಿ, ನೆಲ ಏರಿಳಿತವಾಗಿ ಹೋಗುವುದರಿಂದ ಕಂಬದಿಂದ ಕಂಬಕ್ಕೆ ಎಲ್ಲೋ ಒಂದು ಕಡೆ ಹೊಟ್ಟೆಯ ಹಾಗೆ ಸಂದು ಉಳಿಯುತ್ತದೆ. ಮೂಡಿಗೆರೆ, ಕೊಪ್ಪದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಆ ಸಂದನ್ನು ಪ್ರತಿ ವರ್ಷ ಇನ್ನಷ್ಟು ಕೊರೆಯುತ್ತದೆ. ಪರಿಹಾರ ಹೀಗೆ: ಮೆಶ್‌ನ ಕೆಳಗಿನ ಒಂದಡಿಯನ್ನು ಹೊರಮುಖವಾಗಿ ಎಲ್ ಆಕಾರಕ್ಕೆ ಮಡಿಸಿ ನೆಲದ ಮೇಲೆ ಹಾಸಿ, ಅದರ ಮೇಲೆ ಕಲ್ಲು ಹೇರಿ ಇಲ್ಲವೇ ಕಬ್ಬಿಣದ ಕೊಕ್ಕೆ ಹೊಡೆಯಿರಿ. ಹುಲ್ಲು ಅದರ ಮೂಲಕ ಬೆಳೆದು ತಾನೇ ಹಿಡಿದುಕೊಳ್ಳುತ್ತದೆ. ಹೊರಗೆ ನಿಂತು ತಳ್ಳುವ ಪ್ರಾಣಿಯ ಕಾಲು ಆ ಹಾಸಿನ ಮೇಲೆಯೇ ಇರುವುದರಿಂದ ಮೆಶ್ ಮೇಲೇಳುವುದಿಲ್ಲ. ಒಳಮುಖ ಮಡಿಸಿದರೆ ಈ ಗುಣವೇ ಹೋಗುತ್ತದೆ.

ನೀರಿನ ದಾರಿ ಬೇರೆಯೇ ಸಮಸ್ಯೆ. ಚರಂಡಿಗೆ ಅಡ್ಡ ಮೆಶ್ ಬಿಗಿದರೆ ಮೊದಲ ದೊಡ್ಡ ಮಳೆಗೆ ಕಸಕಡ್ಡಿ ತುಂಬಿ, ನೀರು ಕಟ್ಟಿ, ಬೇಲಿಯನ್ನೇ ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ಬೇಕಿರುವುದು ತೂಗುವ ತಡಿಕೆ. ಚರಂಡಿಯ ಮೇಲೆ ಅಡ್ಡಲಾಗಿ ಒಂದು ಗಟ್ಟಿ ತಂತಿ ಎಳೆದು, ಅದರಿಂದ ಬಿದಿರು ಗಳುಗಳನ್ನೋ ಕಬ್ಬಿಣದ ಸರಳುಗಳನ್ನೋ ನಾಲ್ಕು ಇಂಚಿಗೊಂದರಂತೆ ಬಿಡಿಬಿಡಿಯಾಗಿ ಇಳಿಬಿಡಿ. ನೀರು ಬಂದಾಗ ಅವು ಮುಂದಕ್ಕೆ ತೂಗಿ ದಾರಿ ಬಿಡುತ್ತವೆ, ಇಳಿದಾಗ ಮತ್ತೆ ನೇರ ನಿಲ್ಲುತ್ತವೆ. ಸರಳಿನ ತುದಿ ನೆಲಕ್ಕೆ ಎರಡು ಇಂಚಿನಷ್ಟು ಹತ್ತಿರ ಇರಲಿ. ಆ ಅಕ್ಕನ ಮನೆಯ ಬಚ್ಚಲ ಚರಂಡಿಗೂ ಇದನ್ನೇ ಮಾಡಿದ್ದು. ಕಂಬ, ತಂತಿ ಯಾವುದನ್ನೂ ಮುಟ್ಟಲಿಲ್ಲ, ಕಾಡುಕುರಿ ಬರುವುದು ನಿಂತಿತು.

ಗೇಟಿನ ವಿಷಯ ಚಿಕ್ಕದು. ಗೇಟಿನ ಬದಲು ಅಡ್ಡ ಗಳುಗಳ ಉಣಗೋಲು ಇದ್ದರೆ ಅವುಗಳ ನಡುವೆ ಕಾಡುಕುರಿ ಸಲೀಸಾಗಿ ತೂರುತ್ತದೆ. ಅದರ ಒಳಬದಿಗೆ ಎತ್ತಿಡಬಹುದಾದ ಮೆಶ್ ಚೌಕಟ್ಟು ಒಂದು ಬೇಕು. ಕಬ್ಬಿಣದ ಗೇಟಾದರೆ ಕೆಳಗಿನ ಸಂದು ನೋಡಿ. ಗೇಟ್ ತೆರೆಯಲು ಬೇಕಾಗುತ್ತದೆ ಎಂದು ಅರ್ಧ ಅಡಿ ಬಿಟ್ಟಿರುತ್ತಾರೆ, ಗಾಡಿ ಓಡಾಡಿ ಅದು ಒಂದಡಿ ಆಗಿರುತ್ತದೆ. ಅಲ್ಲೊಂದು ಕಲ್ಲಿನ ಹೊಸ್ತಿಲು ಕೂರಿಸಿ.

ಬುಡ ಸರಿ ಇದೆ, ಆದರೂ ಒಳಗೆ ಬರುತ್ತಿದೆ

ಈಗ ಎತ್ತರದ ಪ್ರಶ್ನೆ. ಟೇಪ್ ಹಿಡಿದು ಬೇಲಿಯನ್ನು ಒಳಗಿನಿಂದ ಅಳೆಯಬೇಡಿ, ಹೊರಗಿನಿಂದ, ಪ್ರಾಣಿ ನಿಲ್ಲುವ ಜಾಗದಿಂದ ಅಳೆಯಿರಿ. ಮಲೆನಾಡಿನ ಮನೆ ಎಂದರೆ ಒಂದು ಬದಿಗಾದರೂ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಇರುತ್ತದೆ. ಧರೆಯ ಬುಡದಲ್ಲಿ ಕಟ್ಟಿದ ಆರಡಿ ಬೇಲಿ, ಮೇಲೆ ನಿಂತ ಜಿಂಕೆಗೆ ಎರಡೋ ಮೂರೋ ಅಡಿ ಅಷ್ಟೆ. ಆ ಬದಿಯಲ್ಲಿ ಬೇಲಿಯನ್ನು ಧರೆಯ ಮೇಲಕ್ಕೆ ಒಯ್ಯಿರಿ. ಆಗದಿದ್ದರೆ ಧರೆಯಿಂದ ಎಂಟು ಹತ್ತು ಅಡಿ ಈಚೆಗೆ ತನ್ನಿ. ಉಳಿದ ಮೂರು ಬದಿಗೆ ಒಂದು ರೂಪಾಯಿಯನ್ನೂ ಹಾಕಬೇಕಿಲ್ಲದಿರಬಹುದು.

ಸಮನೆಲದಲ್ಲಿ ಕಾಡುಕುರಿಗೆ ಐದಡಿ ಸಾಕು. ಚುಕ್ಕಿ ಜಿಂಕೆಗೆ ಆರೂವರೆ ಏಳಡಿ ಇದ್ದರೆ ಒಳ್ಳೆಯದು. ಕಡವೆ ಆರಡಿಯನ್ನು ದಾಟಬಲ್ಲದು, ಅದಕ್ಕೆ ಎಂಟಡಿ ಬೇಕು. ಅಷ್ಟು ಎತ್ತರದ ಬೇಲಿಯನ್ನು ಇಡೀ ಜಾಗಕ್ಕೆ ಹಾಕಿಸುವುದು ಎಲ್ಲರ ಕೈಲಾಗುವ ಮಾತಲ್ಲ, ಬೇಕಾಗಿಯೂ ಇಲ್ಲ.

ಜಿಂಕೆ ಎತ್ತರವನ್ನೂ ಹಾರುತ್ತದೆ, ಅಗಲವನ್ನೂ ಹಾರುತ್ತದೆ, ಎರಡನ್ನೂ ಒಟ್ಟಿಗೆ ಹಾರಲು ಹಿಂಜರಿಯುತ್ತದೆ. ನಾಲ್ಕಡಿ ನಾಲ್ಕೂವರೆ ಅಡಿಯ ಎರಡು ಬೇಲಿಗಳನ್ನು ನಾಲ್ಕಡಿ ಅಂತರದಲ್ಲಿ ಕಟ್ಟಿದರೆ, ನಡುವೆ ಇಳಿಯಲು ಜಾಗವಿಲ್ಲ, ಎರಡನ್ನೂ ಒಂದೇ ನೆಗೆತಕ್ಕೆ ದಾಟಲು ಧೈರ್ಯ ಬರುವುದಿಲ್ಲ. ಈಗಾಗಲೇ ಒಂದು ಬೇಲಿ ಇರುವವರಿಗೆ ಒಳಗೆ ಇನ್ನೊಂದು ಸಾಧಾರಣ ಬೇಲಿ ಕಟ್ಟುವುದು, ಇರುವುದನ್ನು ಎತ್ತರಿಸುವುದಕ್ಕಿಂತ ಸುಲಭ.

ಆಚೆ ಏನಿದೆ ಎಂದು ಕಾಣದಿದ್ದರೂ ಅದು ಹಾರುವುದಿಲ್ಲ. ಹೊಲಗಳಿಗೆ ಹಳೇ ಸೀರೆ ಸುತ್ತುವುದರ ಹಿಂದೆ ಈ ಲೆಕ್ಕವೂ ಇದೆ. ಸೀರೆ ಬೇಸಿಗೆಗೆ ಸರಿ, ಮಳೆಗೆ ನೆನೆದು ಜೋತುಬೀಳುತ್ತದೆ. ಹಸಿರು ಶೇಡ್ ನೆಟ್ ಬಿಗಿದು ಕಟ್ಟಿದರೆ ಹೆಚ್ಚು ದಿನ ಬರುತ್ತದೆ. ಮೀನಿನ ಬಲೆಯನ್ನು ಸಡಿಲವಾಗಿ ಕಟ್ಟುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಕೊಂಬು ಸಿಕ್ಕಿಕೊಂಡ ಗಂಡು ಜಿಂಕೆ ರಾತ್ರಿಯೆಲ್ಲ ಎಳೆದಾಡಿ ಬೆಳಗಿನ ಹೊತ್ತಿಗೆ ಸತ್ತಿರಬಹುದು, ಹಾವುಗಳೂ ಅದರಲ್ಲಿ ಸಿಕ್ಕಿ ಸಾಯುತ್ತವೆ.

ತರಕಾರಿಗೆ ಮಾತ್ರ ಕಾವಲು ಬೇಕಿದ್ದರೆ, ಮನೆಗೆ ಹತ್ತಿರದಲ್ಲಿ ಹದಿನೈದು ಅಡಿ ಚೌಕದ ಒಂದು ಅಂಗಳ ಮಾಡಿ, ಅದಕ್ಕೆ ಚೆನ್ನಾಗಿ ಮೆಶ್ ಹಾಕಿ. ಇಕ್ಕಟ್ಟಾದ ಜಾಗದೊಳಗೆ, ಮಡಿ, ಚಪ್ಪರ, ಗೂಟಗಳ ನಡುವೆ ನೆಗೆದು ಇಳಿಯಲು ಜಿಂಕೆ ಇಷ್ಟಪಡುವುದಿಲ್ಲ. ಆಲೂರು, ಸಕಲೇಶಪುರ, ಬೇಲೂರಿನ ಆನೆ ಓಡಾಡುವ ಕಡೆಯವರಿಗೆ ನಾನು ಹೇಳುವುದೂ ಇದನ್ನೇ. ಆನೆ ದಾರಿಗೆ ಅಡ್ಡವಾಗಿ ದುಬಾರಿ ಮೆಶ್ ಎಳೆದರೆ ಅದು ಒಂದು ರಾತ್ರಿಯ ಬಾಳು.

ಸೋಲಾರ್ ಬೇಲಿ ಇದೆ, ಕೆಲಸ ಮಾಡುತ್ತಿಲ್ಲ

ಬೇಲಿಯ ತಂತಿಗೆ ಕರೆಂಟ್ ಕೊಡುವ ಯಂತ್ರ ಸೆಕೆಂಡಿಗೆ ಸುಮಾರು ಒಂದು ಸಲದಂತೆ, ಕ್ಷಣದ ಚೂರಿನಷ್ಟು ಹೊತ್ತು ವಿದ್ಯುತ್ ಮಿಡಿತ ಕಳಿಸುತ್ತದೆ. ವೋಲ್ಟೇಜ್ ಸಾವಿರಗಳಲ್ಲಿದ್ದರೂ ಹೊತ್ತು ಅಷ್ಟು ಕಡಿಮೆ ಇರುವುದರಿಂದ ಪೆಟ್ಟು ಬೀಳುತ್ತದೆ, ಜೀವ ಹೋಗುವುದಿಲ್ಲ. ಆ ವಿದ್ಯುತ್ ಪ್ರಾಣಿಯ ಮೈಯಿಂದ ನೆಲಕ್ಕಿಳಿದು, ಮಣ್ಣಿನ ಮೂಲಕ ಯಂತ್ರದ ಅರ್ಥ್ ರಾಡ್‌ಗೆ (ನೆಲಕ್ಕೆ ಹೊಡೆದ ಲೋಹದ ಸರಳಿಗೆ) ವಾಪಸ್ ಹೋದರೆ ಮಾತ್ರ ಪೆಟ್ಟು. ದೋಷ ಹುಡುಕುವಾಗ ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಬೇಲಿಯ ತಂತಿಯನ್ನು ಯಂತ್ರದಿಂದ ಬಿಡಿಸಿ, ಯಂತ್ರವನ್ನಷ್ಟೇ ಫೆನ್ಸ್ ಟೆಸ್ಟರ್‌ನಿಂದ (ಬೇಲಿಯ ವೋಲ್ಟೇಜ್ ಅಳೆಯುವ ಸಾಧನ) ನೋಡಿ. ಅಲ್ಲೇ ಕಡಿಮೆ ತೋರಿಸಿದರೆ ದೋಷ ಬ್ಯಾಟರಿಯಲ್ಲಿ ಅಥವಾ ಯಂತ್ರದಲ್ಲಿ. ಹನ್ನೆರಡು ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನಿದ್ದಾಗ 12.6ರ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಖಾಲಿ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ ಕವಿದಿರುವ ನಮ್ಮ ಕಡೆ ಇದು ಸಾಮಾನ್ಯ. ಪ್ಯಾನೆಲ್ ಮೇಲೆ ಪಾಚಿ ಕಟ್ಟಿರುತ್ತದೆ, ಒರೆಸಿ. ನೆರಳು ಹಾಕುವ ಕೊಂಬೆ ಕಡಿಯಿರಿ.

ಯಂತ್ರ ಸರಿಯಿದ್ದರೆ ತಂತಿಯನ್ನು ಮತ್ತೆ ಜೋಡಿಸಿ, ತುದಿಯಲ್ಲಿ ಅಳೆಯಿರಿ. ನಾಲ್ಕು ಸಾವಿರ ವೋಲ್ಟಿಗಿಂತ ಕೆಳಗಿದ್ದರೆ ಜಿಂಕೆಗೆ ಸಾಲದು. ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಬೇಲಿಯನ್ನು ನಡುವೆ ಬಿಡಿಸಿ ಅರ್ಧರ್ಧ ನೋಡುತ್ತಾ ಹೋಗಿ. ಹುಲ್ಲು, ಬಳ್ಳಿ, ಕಮ್ಯೂನಿಸ್ಟ್ ಗಿಡದಂಥ ಕಳೆ ತಂತಿಗೆ ತಾಗಿದ ಕಡೆ, ಇನ್ಸುಲೇಟರ್ ಸೀಳಿದ ಕಡೆ, ತಂತಿ ತಿರುಚಿ ಕಟ್ಟಿದ ಗಂಟು ತುಕ್ಕು ಹಿಡಿದ ಕಡೆ ಸಿಗುತ್ತದೆ. ಕೈ ಹಾಕುವ ಮೊದಲು ಪ್ರತಿ ಸಲವೂ ಯಂತ್ರ ಆರಿಸಿ. ಮಳೆಗಾಲದಲ್ಲಿ ಕೆಳಗಿನ ತಂತಿಯಡಿ ಹದಿನೈದು ದಿನಕ್ಕೊಮ್ಮೆ ಹುಲ್ಲು ಹೆರೆಯದಿದ್ದರೆ ಯಾವ ಯಂತ್ರವೂ ನಿಲ್ಲುವುದಿಲ್ಲ.

ಬೇಸಿಗೆಯ ದೋಷ ಇದಕ್ಕೆ ತದ್ವಿರುದ್ಧ. ಮಾರ್ಚ್‌ನಲ್ಲಿ ಟೆಸ್ಟರ್ ಚೆನ್ನಾಗಿಯೇ ತೋರಿಸುತ್ತದೆ, ಪ್ರಾಣಿಗೆ ಮಾತ್ರ ಪೆಟ್ಟು ಬೀಳುವುದಿಲ್ಲ. ಮಣ್ಣು ಒಣಗಿದೆ, ಗೊರಸೂ ಒಣಗಿದೆ, ವಿದ್ಯುತ್ ವಾಪಸ್ ಬರಲು ದಾರಿಯಿಲ್ಲ. ಅರ್ಥ್ ರಾಡ್ ಅನ್ನು ತೇವ ಆರದ ಕಡೆಗೆ, ಬಚ್ಚಲ ನೀರು ಹೋಗುವ ಬಾಳೆಯ ಬುಡದಂಥ ಜಾಗಕ್ಕೆ ಒಯ್ಯಿರಿ, ಒಂದರ ಬದಲು ಮೂರು ಹೊಡೆದು ಜೋಡಿಸಿ. ಅದಕ್ಕಿಂತ ಗಟ್ಟಿ ಉಪಾಯ, ತಂತಿಗಳಲ್ಲಿ ಒಂದು ಬಿಟ್ಟು ಒಂದನ್ನು ಅರ್ಥ್‌ಗೆ ಸೇರಿಸುವುದು. ತಂತಿಗಳ ನಡುವೆ ತೂರುವ ಪ್ರಾಣಿ ಎರಡನ್ನೂ ಮುಟ್ಟುತ್ತದೆ, ಮಣ್ಣಿನ ಹಂಗೇ ಬೇಕಿಲ್ಲ.

ಹೊತ್ತಿನ ವಿಷಯ ಇನ್ನೊಂದು. ರಾತ್ರಿ ಮಲಗುವಾಗ ಯಂತ್ರ ಹಾಕಿ, ಎದ್ದ ಕೂಡಲೇ ಆರಿಸುವವರಿದ್ದಾರೆ. ಕಾಡುಕುರಿಯೂ ಚುಕ್ಕಿ ಜಿಂಕೆಯೂ ಹೆಚ್ಚು ಓಡಾಡುವುದು ಮುಸ್ಸಂಜೆ ಮತ್ತು ಮುಂಜಾವಿನಲ್ಲಿ. ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಇರಲಿ.

ವಾಸನೆ, ಬೆಳಕು, ನಾಯಿ

ಐದಾರು ಮೊಟ್ಟೆಯನ್ನು ನಾಲ್ಕೈದು ಲೀಟರ್ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನ ಇಟ್ಟು ಹೂಗಿಡಗಳಿಗೆ ಸಿಂಪಡಿಸುವುದು ಫಲ ಕೊಡುತ್ತದೆ. ಕೊಳೆತ ಪ್ರೋಟೀನಿನ ವಾಸನೆ ಜಿಂಕೆಗೆ ಬೇಟೆಯಾಡುವ ಪ್ರಾಣಿಯ ಸುಳಿವಿನಂತೆ ತೋರುತ್ತದೆ. ತಿನ್ನುವ ಸೊಪ್ಪಿಗೆ ಹೊಡೆಯಬೇಡಿ. ಹೊಸ ಚಿಗುರು ಬಂದಾಗ ಮತ್ತೆ ಹೊಡೆಯಬೇಕು, ಮಳೆ ಬಂದರೆ ತೊಳೆದುಹೋಗುತ್ತದೆ. ಆದ್ದರಿಂದ ಇದು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಮದ್ದು. ಆಷಾಢದಲ್ಲಿ ಹೊಡೆದು "ಫಲ ಕೊಡಲಿಲ್ಲ" ಎಂದರೆ ದೋಷ ಮದ್ದಿನದಲ್ಲ.

ಮಿಣುಕುವ ದೀಪ, ರೇಡಿಯೊ, ಬೆದರುಬೊಂಬೆ, ಹಳೇ ಸಿಡಿ ಎಲ್ಲವೂ ಕೆಲವು ದಿನಕ್ಕೆ ಸರಿ. ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಜಿಂಕೆ ಅದರ ಪಕ್ಕದಲ್ಲೇ ಮೇಯುತ್ತದೆ. ಅವರೆ, ಬೀನ್ಸ್ ಕಾಯಿ ಕಚ್ಚುವ ಒಂದೆರಡು ವಾರದಂಥ ಸೂಕ್ಷ್ಮ ಕಾಲಕ್ಕೆಂದು ಇವನ್ನು ಉಳಿಸಿಕೊಳ್ಳಿ, ಜಾಗ ಬದಲಿಸುತ್ತಾ ಇರಿ.

ನಾಯಿಯನ್ನು ಬೇಲಿಯೊಳಗೆ ಇಟ್ಟುಕೊಂಡರೆ ಉಪಯೋಗವಿದೆ. ಹೊರಗೆ ಬಿಟ್ಟರೆ ಅದು ಜಿಂಕೆಯ ಮರಿಗಳನ್ನು ಹಿಡಿಯುತ್ತದೆ, ರಾತ್ರಿ ಹೊರಗೆ ಕಟ್ಟಿಹಾಕಿದರೆ ಅದನ್ನು ಚಿರತೆ ಒಯ್ಯುತ್ತದೆ.

ಎಲ್ಲವೂ ಸರಿ ಇದ್ದು ಹಟ ಹಿಡಿದು ಬರುತ್ತಿದ್ದರೆ

ಹಾಗಾದರೆ ಕರೆಯುತ್ತಿರುವುದು ಏನೋ ಇದೆ. ಬೇಲಿಯ ಪಕ್ಕದ ಸೀಬೆ, ನೆಲ್ಲಿ, ಹಲಸು, ಅತ್ತಿಯ ಕೆಳಗೆ ಹಣ್ಣು ಬಿದ್ದು ಕೊಳೆಯುತ್ತಿದೆಯೇ? ಸಂಜೆಯೊಳಗೆ ಹೆಕ್ಕಿ ಗುಂಡಿಗೆ ಹಾಕಿ. ಕೊಟ್ಟಿಗೆಯ ಹೊರಗೆ ದನಕ್ಕೆ ನೆಕ್ಕಲು ಉಪ್ಪಿನ ಇಟ್ಟಿಗೆ ಕಟ್ಟಿದ್ದೀರಾ? ಜಿಂಕೆಗೂ ಉಪ್ಪು ಬೇಕು, ಅದನ್ನು ಒಳಗೆ ತನ್ನಿ. ಬೇಲಿಗೆ ಒತ್ತಿಕೊಂಡು ಲಂಟಾನ ಬೆಳೆದಿದೆಯೇ? ಹಗಲೆಲ್ಲ ಅಲ್ಲೇ ಮಲಗಿದ್ದು, ಕತ್ತಲಾದ ಮೇಲೆ ಎರಡು ಹೆಜ್ಜೆ ಇಟ್ಟು ಒಳಗೆ ಬರುತ್ತದೆ. ಆರೇಳು ಅಡಿ ಅಗಲ ಸವರಿ ಬಯಲು ಮಾಡಿದರೆ, ಆ ತೆರವನ್ನು ದಾಟಿ ಬರಲು ಅದು ಅಳುಕುತ್ತದೆ.

ಫೆಬ್ರುವರಿ, ಮಾರ್ಚ್‌ನಲ್ಲಿ ಕಾಡಿನ ಹುಲ್ಲು ಒಣಗಿ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರದ ಹೊತ್ತಿನಲ್ಲಿ ನಿಮ್ಮ ಹಿತ್ತಿಲು ಸುತ್ತಲಲ್ಲೇ ಹಸಿರಾದ ಜಾಗ. ಆಗ ಒತ್ತಡ ಹೆಚ್ಚುವುದು ಸಹಜ. ದಾಸವಾಳ, ಗುಲಾಬಿ, ಬೀನ್ಸ್, ಅಲಸಂದೆ, ಗೆಣಸಿನ ಬಳ್ಳಿ, ಹರಿವೆ ಮನೆಯ ಗೋಡೆಯ ಹತ್ತಿರ ಇರಲಿ. ಅಂಚಿಗೆ ಅರಿಶಿನ, ಶುಂಠಿ, ಮಜ್ಜಿಗೆಹುಲ್ಲು, ದೊಡ್ಡಪತ್ರೆ, ಲೆಕ್ಕಿ. ಇವುಗಳ ಘಾಟು ಅದಕ್ಕೆ ಹಿಡಿಸುವುದಿಲ್ಲ. ತುರಿಸುವ ಜಾತಿಯ ಕೆಸುವನ್ನೂ ಬಿಡುತ್ತದೆ. ಹಸಿವು ಹೆಚ್ಚಾದರೆ ಇವನ್ನೂ ಕಚ್ಚಿ ನೋಡೀತು, ಆದರೆ ಮಡಿ ಸವರುವುದಿಲ್ಲ.

ಯಾವ ಕಾರಣಕ್ಕೂ ಮಾಡಬಾರದ್ದು

ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮ. ಅದಕ್ಕೆ ಆನೆ ಸತ್ತಿದೆ, ದನ ಸತ್ತಿದೆ, ಬೆಳಿಗ್ಗೆ ತೋಟಕ್ಕೆ ಹೋದ ಮನುಷ್ಯರು ಸತ್ತಿದ್ದಾರೆ. ಉರುಳು ಹಾಕುವುದೂ ಹಾಗೆಯೇ, ಜಿಂಕೆಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂಬತ್ತನೇ ಸೆಕ್ಷನ್ ಪ್ರಕಾರ ಬೇಟೆ ನಿಷಿದ್ಧ. ಉರುಳು ಹಾಕುವುದು, ಬಲೆಗೆ ಕೆಡವುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ನಮ್ಮ ಸೊಪ್ಪಿಗಿಂತ ಆ ಜೀವ ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ.

ಒಳಗೇ ಸಿಕ್ಕಿಕೊಂಡಿದ್ದರೆ

ಬೇಲಿ ಗಟ್ಟಿ ಮಾಡಿದ ಹೊಸತರಲ್ಲಿ ಇದು ಆಗುತ್ತದೆ. ಹೇಗೋ ಒಳಗೆ ಬಂದ ಜಿಂಕೆಗೆ ಹೊರಗೆ ಹೋಗಲು ದಾರಿ ಕಾಣುವುದಿಲ್ಲ. ಎಲ್ಲರೂ ಸೇರಿ ಕೂಗುತ್ತಾ ಅಟ್ಟಬೇಡಿ. ಹೆದರಿ ಬೇಲಿಗೆ ಡಿಕ್ಕಿ ಹೊಡೆದು ಕುತ್ತಿಗೆ ಮುರಿದುಕೊಳ್ಳುತ್ತದೆ. ಗಾಯವಿಲ್ಲದೆ ಹೊರಗೆ ಹೋದರೂ, ಅತಿಯಾದ ಓಟ ಮತ್ತು ಭಯದಿಂದ ಸ್ನಾಯುಗಳು ಹಾಳಾಗಿ ಆಮೇಲೆ ಸಾಯುವುದುಂಟು. ನಾಯಿಯನ್ನು ಮನೆಯೊಳಗೆ ಕಟ್ಟಿ, ಕಾಡಿನ ಕಡೆಯ ಗೇಟನ್ನು ಪೂರ್ತಿ ತೆಗೆಯಿರಿ, ದೀಪ ಆರಿಸಿ ಎಲ್ಲರೂ ಮನೆಯೊಳಗೆ ಹೋಗಿ. ಕತ್ತಲಲ್ಲಿ ತಾನೇ ದಾರಿ ಹಿಡಿಯುತ್ತದೆ. ಗೇಟ್ ಇಲ್ಲದ ಬದಿಯಾದರೆ ಎರಡು ಕಂಬದ ನಡುವಿನ ಮೆಶ್ ಬಿಚ್ಚಿಬಿಡಿ. ಹೊಸ ಬೇಲಿಯ ಮೇಲಿನ ಎಳೆಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿದರೆ ಓಡಿಬರುವ ಪ್ರಾಣಿಗೆ ಅದು ಮೊದಲೇ ಕಾಣುತ್ತದೆ.

ಪೊದೆಯಲ್ಲಿ ಒಂಟಿ ಮರಿ ಅಲ್ಲಾಡದೆ ಮಲಗಿದ್ದರೆ ಅದು ಅನಾಥ ಎಂದುಕೊಂಡು ಎತ್ತಿಕೊಂಡು ಬರಬೇಡಿ. ತಾಯಿ ಮೇಯಲು ಹೋಗುವಾಗ ಮರಿಯನ್ನು ಹಾಗೇ ಅಡಗಿಸಿ ಹೋಗುತ್ತದೆ, ಮರಳಿ ಬಂದು ಹಾಲೂಡಿಸುತ್ತದೆ. ಮನೆಯಲ್ಲಿ ಸಾಕುವುದು ಅಪರಾಧ ಕೂಡ. ಗಾಯವಾಗಿದ್ದರೆ, ತಂತಿಗೆ ಸಿಕ್ಕಿಕೊಂಡಿದ್ದರೆ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಫೋನ್ ಮಾಡಿ, ಅವರು ಬರುವವರೆಗೆ ಒಂದು ಗೋಣಿಚೀಲವನ್ನೋ ಬಟ್ಟೆಯನ್ನೋ ಅದರ ಕಣ್ಣಿನ ಮೇಲೆ ಹೊದಿಸಿ ಜನರನ್ನು ದೂರ ಇಡಿ. ಆ ಕಚೇರಿಯ ನಂಬರನ್ನೂ ಸೋಲಾರ್ ಬೇಲಿಯ ಸಬ್ಸಿಡಿಯ ವಿವರವನ್ನೂ ಒಂದೇ ಸಲ ಹೋಗಿ ಕೇಳಿಕೊಂಡು ಬನ್ನಿ.